ಶಿವಮೊಗ್ಗದ ದುರ್ಗಿಗುಡಿಯಲ್ಲಿ ಬರ್ಗರ್ ಚೈನ್ ಬಂದರೆ ಪಕ್ಕದ ದರ್ಶಿನಿಯವರು ರೇಟ್ ಇಳಿಸಬೇಕೇ?

ಬೇಡ. ಮೊದಲು ಲೆಕ್ಕ ಹಾಕಿ. ಉದಾಹರಣೆಗೆ, ಮಸಾಲೆ ದೋಸೆ 60 ರೂಪಾಯಿ, ಅದರ ಸಾಮಾನು, ಗ್ಯಾಸು ಸೇರಿ 22 ಅಂತಿಟ್ಟುಕೊಳ್ಳಿ. ಕೈಗೆ ಉಳಿಯೋದು 38. ರೇಟ್ 50ಕ್ಕೆ ಇಳಿಸಿದರೆ 28. ಮೊದಲು 100 ದೋಸೆಗೆ ಬರುತ್ತಿದ್ದಷ್ಟೇ ದುಡ್ಡು ಬರಬೇಕಾದರೆ ಈಗ 136 ದೋಸೆ ಹೋಗಬೇಕು.

ಹೊಡೆತ ಬೀಳೋದು ಕಾವಲಿಯ ಹತ್ತಿರ. ಒಂದು ಸಲಕ್ಕೆ 6 ದೋಸೆ, ಐದು ನಿಮಿಷ ಅಂದರೆ ಗಂಟೆಗೆ 72. ಬೆಳಗ್ಗೆ ಎಂಟರಿಂದ ಹತ್ತರ ರಶ್ಶಿನಲ್ಲಿ ಕಾವಲಿ ಆಗಲೇ ತುಂಬಿರುತ್ತದೆ. ಆಗ ಅವಸರಕ್ಕೆ ಹೆಚ್ಚು ಹಿಟ್ಟು ಹುಯ್ದರೆ ಕಾವಲಿ ತಣ್ಣಗಾಗಿ ದೋಸೆ ಬಿಳಚಿಕೊಳ್ಳುತ್ತದೆ, ಹಳೇ ಗಿರಾಕಿಯೂ ಹೋಗುತ್ತಾನೆ.

ಮೆಕ್‌ಡೊನಾಲ್ಡ್ಸ್ 1996ರಲ್ಲಿ ಭಾರತಕ್ಕೆ ಬಂದಾಗಿನಿಂದಲೂ ಇಂಥ ಚೈನ್‌ಗಳ ಬಲ ಒಂದೇ ಕಡೆ ಭಾರೀ ಪ್ರಮಾಣದ ಖರೀದಿ, ಎಲ್ಲ ಅಂಗಡಿಯಲ್ಲೂ ಅದೇ ರುಚಿ. ರೇಟಿನಲ್ಲಿ ಅವರ ಜತೆ ಗುದ್ದಾಡಿ ಗೆಲ್ಲೋಕಾಗಲ್ಲ. ಬೆಳಗಿನ ತಿಂಡಿ ಹೇಗೂ ನಿಮ್ಮದೇ. ಪೈಪೋಟಿ ಸಂಜೆ ಐದರ ಮೇಲೆ, ಕಾಲೇಜು ಹುಡುಗರಿಗೆ. ಖಾಲಿ ಕೂತ ಆ ಹೊತ್ತಿಗೆ ಮಂಡಕ್ಕಿ, ಮೆಣಸಿನಕಾಯಿ ಬಜ್ಜಿ, ಕಾಫಿ ಸೇರಿಸಿ ಒಂದು ಕಾಂಬೊ ಇಡಿ, ಕೂರಲು ನಾಲ್ಕು ಸ್ಟೂಲ್ ಹಾಕಿ.

ಆ್ಯಪ್‌ನಲ್ಲಿ ಅದೇ 60ಕ್ಕೆ ಮಾರಬೇಡಿ. ಕಮಿಷನ್ 25% ಇದ್ದರೆ 15 ಹೋಯ್ತು, ಡಬ್ಬಿಗೆ 5, ಸಾಮಾನು-ಗ್ಯಾಸಿನ 22 ಕಳೆದರೆ ಉಳಿಯೋದು 18. ಮಳೆಗಾಲದಲ್ಲಂತೂ ಬಿಸಿ ದೋಸೆ ಮುಚ್ಚಿದ ಡಬ್ಬಿಯಲ್ಲಿ ತನ್ನ ಹಬೆಗೇ ಒದ್ದೆಯಾಗುತ್ತದೆ. ಪಾರ್ಸೆಲ್‌ಗೆ ಇಡ್ಲಿ, ಕಡುಬು ವಾಸಿ.