ದೇಶದ ಸಾಲದ ಬಗ್ಗೆ ತಮ್ಮನಿಗೆ ಯಾವ ಅಂಕಿ ತೋರಿಸಲಿ ಅಂತ ಕೇಳಿದ್ದೀರಿ

ಯಾವುದನ್ನೂ ತೋರಿಸಬೇಡಿ. ಮೊದಲು ನನ್ನ ಭಾವನ ಕಥೆ ಕೇಳಿ.

ನೀವು ಬರೆದದ್ದು ಓದಿದೆ. ನೀವು ಪುಣೆಯಲ್ಲಿ ಆಡಿಟ್ ಕೆಲಸದಲ್ಲಿದ್ದೀರಿ. ತಮ್ಮ ಅಲ್ಲೇ ಟೆಂಪೊ ಓಡಿಸುತ್ತಾನೆ. ಸರ್ಕಾರ ಎಲ್ಲರಿಗೂ ಚಿಕಿತ್ಸೆ ಕೊಡಬೇಕು ಅಂತ ಅವನು, ದೇಶ ಸಾಲದಲ್ಲಿರುವಾಗ ಅದು ತಪ್ಪು ಅಂತ ನೀವು. ಇಷ್ಟು ಓದಿದಾಗಲೇ ನನ್ನ ಹಳೆಯ ಮುಖ ಕಂಡಿತು. ಆದರೆ ಕೊನೆಯಲ್ಲಿ ಒಂದು ಮಾತು ಬರೆದಿದ್ದೀರಿ: "ಎರಡು ತಿಂಗಳಿಂದ ಮನೆಗೆ ಬಂದಾಗಲೆಲ್ಲ ಅವನಿಗೆ ಇದೇ ಮಾತು." ಅದನ್ನು ಓದಿದ ಮೇಲೆ ಸುಮ್ಮನಿರಲು ಆಗಲಿಲ್ಲ.

ನಾನು ಕುಂದಾಪುರ ಕಡೆಯವನು. ಮುಂಬೈಗೆ ಬಂದು 22 ವರ್ಷ ಆಯಿತು. ಫೋರ್ಟ್‌ನ ಒಂದು ಕಂಪನಿಯಲ್ಲಿ ಅಕೌಂಟ್ಸ್ ನೋಡಿಕೊಳ್ಳುತ್ತೇನೆ, ಮನೆ ಮುಲುಂಡ್‌ನಲ್ಲಿ. ಅಕ್ಕ, ಭಾವ ಇರುವುದು ಡೊಂಬಿವಲಿಯಲ್ಲಿ. ಭಾವ ಸಯನ್‌ನ ಒಂದು ಉಡುಪಿ ಹೋಟೆಲಿನಲ್ಲಿ 25 ವರ್ಷ ದೋಸೆ ಕಾವಲಿ ಮುಂದೆ ನಿಂತವರು. ಇಎಸ್‌ಐ, ಅಂದರೆ ಕಾರ್ಮಿಕರ ಆರೋಗ್ಯ ವಿಮೆ, ಇರಲಿಲ್ಲ. ರೇಷನ್ ಕಾರ್ಡ್ ಕೇಸರಿ. ನನ್ನದು ಬಿಳಿ ಕಾರ್ಡ್, ಜೊತೆಗೆ ಕಂಪನಿಯ ಮೆಡಿಕ್ಲೇಮ್. ಮಹಾರಾಷ್ಟ್ರದಲ್ಲಿ ಕಡಿಮೆ ಆದಾಯದವರಿಗೆ ಹಳದಿ, ಕೇಸರಿ ಕಾರ್ಡ್, ಹೆಚ್ಚು ಆದಾಯದವರಿಗೆ ಬಿಳಿ. ಈ ಕಾರ್ಡಿನ ಬಣ್ಣ ನೆನಪಿಟ್ಟುಕೊಳ್ಳಿ.

2018ರ ದೀಪಾವಳಿಗೆ ಅವರ ಮನೆಗೆ ಹೋಗಿದ್ದೆ. ಬಡ ಕುಟುಂಬಗಳ ಆಸ್ಪತ್ರೆ ಖರ್ಚು ಕೊಡುವ ಕೇಂದ್ರದ ಆಯುಷ್ಮಾನ್ ಭಾರತ್ ಯೋಜನೆ ಆಗಷ್ಟೇ, ಸೆಪ್ಟೆಂಬರ್ 23ಕ್ಕೆ, ಶುರುವಾಗಿತ್ತು. ಟಿವಿಯಲ್ಲಿ ಬರೀ ಅದೇ ಸುದ್ದಿ. ನನಗೆ ಸಾಲದ ವಿಷಯ ಅಂದರೆ ಮೊದಲಿಂದಲೂ ಮೈಯೆಲ್ಲ ಕಿವಿ. 1991ರಲ್ಲಿ ದೇಶ ತನ್ನ ಚಿನ್ನವನ್ನು ಅಡವಿಟ್ಟ ಕಥೆಯನ್ನು ಕೇಳಿದವರಿಗೂ ಕೇಳದವರಿಗೂ ಹೇಳುತ್ತಿದ್ದೆ. ಸುಮಾರು 47 ಟನ್ ಚಿನ್ನ ಮುಂಬೈಯಿಂದ ವಿಮಾನದಲ್ಲಿ ಹೊರದೇಶಕ್ಕೆ ಹೋಗಿತ್ತು. ಸರ್ಕಾರ ಕೈಮೀರಿ ಖರ್ಚು ಮಾಡಿದರೆ ಮನೆಯ ಚಿನ್ನ ಹೋಗುತ್ತದೆ, ಇಷ್ಟೇ ನನ್ನ ಅರ್ಥಶಾಸ್ತ್ರ.

ಊಟ ಆದ ಮೇಲೆ ಭಾವ ಕೇಳಿದರು. "ಮಾರಾಯ, ಈ ಆಸ್ಪತ್ರೆ ಯೋಜನೆ ಎಲ್ಲ ಸರ್ಕಾರ ಸಾಲ ಮಾಡಿಯೇ ಕೊಡುವುದಾ?"

ನಾನು ಲ್ಯಾಪ್‌ಟಾಪ್ ತೆಗೆದೆ. ಬಜೆಟ್ಟಿನಲ್ಲಿ ಹೇಳಿದ್ದು 10 ಕೋಟಿ ಕುಟುಂಬ, ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ. ಗುಣಿಸಿ ತೋರಿಸಿದೆ. 50 ಲಕ್ಷ ಕೋಟಿ. ಆ ವರ್ಷ ಕೇಂದ್ರದ ಇಡೀ ಬಜೆಟ್ಟೇ 24.42 ಲಕ್ಷ ಕೋಟಿ. "ನೋಡಿ ಭಾವ, ಎರಡು ಬಜೆಟ್ ಒಂದೇ ಯೋಜನೆಗೆ ಹೋಗುತ್ತದೆ" ಅಂದೆ. ಆಮೇಲೆ, ನಾನು ಈ ಜನ್ಮದಲ್ಲಿ ವಾಪಸ್ ತೆಗೆದುಕೊಳ್ಳಲಾಗದ ಮಾತು ಆಡಿದೆ. "ಕಟ್ಟುವವರು ನಾವು, ಕೂತು ತಿನ್ನುವವರು ಇನ್ಯಾರೋ."

ಭಾವ "ಹೌದಾ" ಅಂದರು. ಎದ್ದು ಒಳಗೆ ಹೋದರು. ನಾನು ಗೆದ್ದೆ ಅಂದುಕೊಂಡೆ.

ಇಲ್ಲಿ ಸ್ವಲ್ಪ ನಿಲ್ಲುತ್ತೇನೆ. ಹೇಳಬೇಕಾದ್ದು ಇಲ್ಲೇ ಇದೆ. ಲೆಕ್ಕ ತಪ್ಪು ಅನ್ನೋದು ನಿಮಗೆ ಆಗಲೇ ಗೊತ್ತಾಗಿರುತ್ತದೆ. 5 ಲಕ್ಷ ಅನ್ನುವುದು ಮಿತಿ. ಪ್ರತಿ ಮನೆಯೂ ಪ್ರತಿ ವರ್ಷ ಆಸ್ಪತ್ರೆ ಸೇರಿ ಅಷ್ಟನ್ನೂ ಖರ್ಚು ಮಾಡುವುದಿಲ್ಲ. ನಮ್ಮ ಕಂಪನಿಯ ಮೆಡಿಕ್ಲೇಮನ್ನು ನಾನು ಹೀಗೆ ಗುಣಿಸಿ ನೋಡಿದವನೇ ಅಲ್ಲ. ಆದರೆ ಅದು ದೊಡ್ಡ ತಪ್ಪಲ್ಲ. ಲೆಕ್ಕ ಸರಿ ಇದ್ದಿದ್ದರೂ ಆಗುವುದು ಆಗುತ್ತಿತ್ತು.

ದೊಡ್ಡ ತಪ್ಪು ಇದು. ಭಾವ ನನ್ನ ಹತ್ತಿರ ವಾದ ಮಾಡಲು ಬಂದಿರಲಿಲ್ಲ. ಅವರ ಕೈಯಲ್ಲಿ ಒಂದು ಪ್ಲಾಸ್ಟಿಕ್ ಕವರ್ ಇತ್ತು. ನಾನು ಅದನ್ನು ನೋಡಿದ್ದೆ. ಚೆನ್ನಾಗಿ ನೆನಪಿದೆ, ಯಾವುದೋ ಬಟ್ಟೆ ಅಂಗಡಿಯ ನೀಲಿ ಕವರ್. ಅದರೊಳಗೆ ರೇಷನ್ ಕಾರ್ಡ್, ಆಧಾರ್, ಡಾಕ್ಟರ ಚೀಟಿ. ಒಂದು ತಿಂಗಳಿಂದ ಡೊಂಬಿವಲಿ ಸ್ಟೇಷನ್ನಿನ ಸೇತುವೆ ಹತ್ತುವಾಗ ಅವರಿಗೆ ಎದೆ ಹಿಡಿಯುತ್ತಿತ್ತಂತೆ. ಡಾಕ್ಟರು ಆಂಜಿಯೊಗ್ರಫಿ ಮಾಡಿಸಿ ಅಂದಿದ್ದರು. ಅಕ್ಕನಿಗೂ ಹೇಳಿರಲಿಲ್ಲ. ಮನೆಯಲ್ಲಿ ಓದು ಬರಹ ಚೆನ್ನಾಗಿ ಗೊತ್ತಿರುವವನು ನಾನೊಬ್ಬ ಅಂತ ನನ್ನ ದಾರಿ ಕಾಯುತ್ತಿದ್ದರು. ನೇರವಾಗಿ ಕೇಳಲು ಸಂಕೋಚ. ಹೆಂಡತಿಯ ತಮ್ಮನ ಹತ್ತಿರ ನನಗೆ ಹುಷಾರಿಲ್ಲ, ದುಡ್ಡಿಲ್ಲ ಅಂತ ಹೇಗೆ ಹೇಳುತ್ತಾರೆ? ಅದಕ್ಕೇ ಸುತ್ತು ಬಳಸಿ ಸರ್ಕಾರದ ಸಾಲದ ಕಡೆಯಿಂದ ಮಾತು ತೆಗೆದರು. ಆ ಪ್ರಶ್ನೆಯ ಅರ್ಥ, "ಇದನ್ನು ತಗೊಳ್ಳಬಹುದಾ? ತಪ್ಪಾಗಲ್ಲ ಅಲ್ವಾ?" ಅಂತ. ನನಗೆ ಕೇಳಿಸಿದ್ದು ಬಜೆಟ್. ಅವರು ಕೇಳಿದ್ದು ಅವರ ಎದೆಯ ಬಗ್ಗೆ. ಕವರ್ ಕಣ್ಣೆದುರೇ ಇತ್ತು. "ಅದೇನು ಭಾವ?" ಅಂತ ಒಂದು ಮಾತು ಕೇಳಿದ್ದರೆ ಸಾಕಿತ್ತು.

ಅವರ ಹತ್ತಿರ ಕೇಸರಿ ಕಾರ್ಡ್ ಇದೆ ಅಂತ ನನಗೆ ಗೊತ್ತಿತ್ತು. ಮಹಾರಾಷ್ಟ್ರದಲ್ಲಿ ಹಳದಿ, ಕೇಸರಿ ಕಾರ್ಡಿನವರಿಗೆ 2012ರಿಂದಲೇ ಹಂತ ಹಂತವಾಗಿ ರಾಜ್ಯದ ಯೋಜನೆ ಬಂದಿತ್ತು. ಮೊದಲು ರಾಜೀವ್ ಗಾಂಧಿ ಜೀವನದಾಯಿ, ಆಮೇಲೆ ಮಹಾತ್ಮ ಜ್ಯೋತಿಬಾ ಫುಲೆ ಜನ ಆರೋಗ್ಯ ಯೋಜನೆ. ಆಗಿನ ಮಿತಿ ಕುಟುಂಬಕ್ಕೆ ವರ್ಷಕ್ಕೆ 1.5 ಲಕ್ಷ. ಬೈಪಾಸ್ ಅದರಲ್ಲಿ ಇತ್ತು. ದೆಹಲಿಯ ಯೋಜನೆಯನ್ನು ಬೈಯುವ ಉತ್ಸಾಹದಲ್ಲಿ, ಭಾವನ ಜೇಬಿನಲ್ಲೇ ಇದ್ದ ಹಕ್ಕು ನನಗೆ ನೆನಪಾಗಲೇ ಇಲ್ಲ.

ಮೂರು ತಿಂಗಳ ನಂತರ, 2019ರ ಫೆಬ್ರವರಿಯಲ್ಲಿ, ಅವರಿಗೆ ಬೈಪಾಸ್ ಆಯಿತು. ಥಾಣೆ ಕಡೆಯ ಒಂದು ಖಾಸಗಿ ಆಸ್ಪತ್ರೆ. ನಾನು ನೋಡಲು ಹೋದೆ. ಬಾಗಿಲ ಬಳಿ ಜನ ಆರೋಗ್ಯ ಯೋಜನೆಯ ಮೇಜು ಇತ್ತು, ಆರೋಗ್ಯ ಮಿತ್ರ ಅಂತ ಬೋರ್ಡ್ ಇತ್ತು, ಅಂದರೆ ಯೋಜನೆಗೆ ಬಂದ ರೋಗಿಗಳಿಗೆ ನೆರವಾಗುವವರು. ದಾಟಿಕೊಂಡು ಮೇಲೆ ಹೋದೆ. "ದುಡ್ಡಿಗೆ ಏನು ಮಾಡಿದಿರಿ?" ಅಂತ ಕೇಳಿದ್ದಕ್ಕೆ "ಧಣಿ ನೋಡಿಕೊಂಡರು" ಅಂದರು. ನಂಬಿದೆ. ನಂಬುವುದು ನನಗೂ ಸುಲಭವಾಗಿತ್ತು.

ಧಣಿ ಕೊಟ್ಟಿರಲಿಲ್ಲ. ಬಿಲ್ 2,70,000. ಕೂಡಿಟ್ಟಿದ್ದು 40,000. ಊರಿನವರೊಬ್ಬರ ಹತ್ತಿರ ತಿಂಗಳಿಗೆ ನೂರಕ್ಕೆ 2 ರೂಪಾಯಿ ಬಡ್ಡಿಯಲ್ಲಿ 80,000 ಕೈಸಾಲ. ಉಳಿದ ಒಂದೂವರೆ ಲಕ್ಷಕ್ಕೆ ಅಕ್ಕನ ಚಿನ್ನ ಅಡವು. ಕರಿಮಣಿ ಒಂದನ್ನು ಬಿಟ್ಟು ಎಲ್ಲವೂ. ಅದರಲ್ಲಿ ಅಮ್ಮನ ಅವಲಕ್ಕಿ ಸರವೂ ಇತ್ತು, ಮದುವೆಯಲ್ಲಿ ಅಮ್ಮ ತನ್ನ ಕುತ್ತಿಗೆಯಿಂದ ತೆಗೆದು ಹಾಕಿದ್ದು.

2020ರ ಮಾರ್ಚ್‌ನಲ್ಲಿ ಲಾಕ್‌ಡೌನ್ ಬಂತು. ಮುಂಬೈಯಲ್ಲಿ ಹೋಟೆಲುಗಳು ಮತ್ತೆ ಗಿರಾಕಿಗಳನ್ನು ಒಳಗೆ ಕೂರಿಸಿದ್ದು ಅಕ್ಟೋಬರ್ 5ಕ್ಕೆ. ಅಲ್ಲಿಯವರೆಗೆ ಭಾವನಿಗೆ ಸಂಬಳ ಇಲ್ಲ. ಬಡ್ಡಿ ಬೆಳೆಯಿತು. ಚಿನ್ನ ಹರಾಜಾಯಿತು. ನನಗೆ ಗೊತ್ತಾದದ್ದು ಆ ವರ್ಷದ ತುಳಸಿ ಪೂಜೆಗೆ ಹೋದಾಗ. ಅಕ್ಕನ ಕುತ್ತಿಗೆಯಲ್ಲಿ ಕರಿಮಣಿ ಒಂದೇ. ಕೇಳಿದೆ. ಅವಳು ಮಾತಾಡಲಿಲ್ಲ, ಗೋಡೆಯ ಕಾಲನಿರ್ಣಯ ಕ್ಯಾಲೆಂಡರ್ ಕಡೆ ನೋಡಿದಳು. ಅದರ ಚೌಕಗಳಲ್ಲಿ ಪೆನ್ಸಿಲಿನಲ್ಲಿ ಬಡ್ಡಿಯ ತಾರೀಕುಗಳು.

"ಯೋಜನೆ ಇತ್ತಲ್ಲ ಭಾವ, ಯಾಕೆ ತಗೊಳ್ಳಲಿಲ್ಲ?" ಅಂದೆ.

"ನೀನೇ ಹೇಳಿದ್ದಲ್ವಾ ಮಾರಾಯ. ಕಟ್ಟುವವರು ನೀವು, ಕೂತು ತಿನ್ನುವವರು ಬೇರೆ ಅಂತ. ನಾನು ಇಷ್ಟು ವರ್ಷ ನಿಂತು ದುಡಿದವ. ಕೂತು ತಿನ್ನುವವರ ಸಾಲಿನಲ್ಲಿ ನಿಲ್ಲಲು ಮನಸ್ಸು ಬರಲಿಲ್ಲ." ಸಿಟ್ಟಿನಿಂದ ಹೇಳಲಿಲ್ಲ. ಚಹಾ ಕೊಡುತ್ತಾ ಹೇಳಿದರು.

ಆ ರಾತ್ರಿ ಲೋಕಲ್‌ನಲ್ಲಿ ಕೂತು ನಾನು ಮಾಡಿದ ಲೆಕ್ಕ ಇದು. ಕಾಯಿಲೆಯ ಖರ್ಚು ಆವಿಯಾಗಿ ಹೋಗುವುದಿಲ್ಲ. ಸರ್ಕಾರದ ಪುಸ್ತಕದಲ್ಲಿ ಬರೆಯದಿದ್ದರೆ ಅಕ್ಕನ ಕ್ಯಾಲೆಂಡರಿನಲ್ಲಿ ಬರೆಯಬೇಕು. 2019ರ ಆರಂಭದಲ್ಲಿ ಸರ್ಕಾರಕ್ಕೆ 10 ವರ್ಷದ ಸಾಲ ವರ್ಷಕ್ಕೆ ಶೇಕಡಾ ಏಳೂವರೆ ಆಸುಪಾಸಿನ ಬಡ್ಡಿಗೆ ಸಿಗುತ್ತಿತ್ತು. ಭಾವನ ಕೈಸಾಲಕ್ಕೆ ವರ್ಷಕ್ಕೆ 24. ದೇಶದ ಸಾಲ ಉಳಿಸಿದೆ ಅಂತ ನಾನು ಬೀಗಿದ್ದು ಅದೇ ಸಾಲವನ್ನು ಮೂರು ಪಟ್ಟು ಬಡ್ಡಿಗೆ ಅಕ್ಕನ ತಲೆ ಮೇಲೆ ಇಟ್ಟಿದ್ದಕ್ಕೆ. ಅಕೌಂಟ್ಸ್ ಓದಿದವನಿಗೆ ಇದು ಹೊಳೆಯಬೇಕಿತ್ತು.

ಸಾಲದ ಚಿಂತೆ ಸುಳ್ಳು ಅಂತ ನಾನು ಹೇಳುತ್ತಿಲ್ಲ. ನನಗೆ ಈಗಲೂ ಇದೆ. 2025-26ರ ಕೇಂದ್ರ ಬಜೆಟ್ ತೆಗೆದು ನೋಡಿ. ಒಟ್ಟು ಖರ್ಚು 50.65 ಲಕ್ಷ ಕೋಟಿ. ಅದರಲ್ಲಿ ಬಡ್ಡಿಗೇ 12.76 ಲಕ್ಷ ಕೋಟಿ, ಹೆಚ್ಚು ಕಡಿಮೆ ಕಾಲು ಭಾಗ. ಇದು ಭಯ ಪಡುವ ವಿಷಯವೇ. ಈಗ ಅದೇ ಬಜೆಟ್ಟಿನಲ್ಲಿ ಆಯುಷ್ಮಾನ್ ವಿಮೆಗೆ ಇಟ್ಟದ್ದು ನೋಡಿ. 9,406 ಕೋಟಿ. ನೂರು ರೂಪಾಯಿಯಲ್ಲಿ 19 ಪೈಸೆ. ರಾಜ್ಯಗಳ ಪಾಲು ಬೇರೆ, ಹೆಚ್ಚಿನ ಕಡೆ ಯೋಜನೆಯ ಖರ್ಚಿನ ನೂರಕ್ಕೆ 40 ಭಾಗ. ಅದನ್ನು ಸೇರಿಸಿದರೂ ನಿಮ್ಮ ತಮ್ಮ ಕೇಳುವ ಚಿಕಿತ್ಸೆಯಿಂದ ದೇಶ ಮುಳುಗುವುದಿಲ್ಲ. 1991ರ ಕಥೆಯನ್ನೂ ನಾನು ತಪ್ಪಾಗಿ ಬಳಸುತ್ತಿದ್ದೆ. ಆಗ ಖಾಲಿಯಾಗಿದ್ದು ಹೊರದೇಶಕ್ಕೆ ಕೊಡಬೇಕಾದ ಡಾಲರ್. ಹಿಂದಿನ ವರ್ಷಗಳ ಕೊರತೆ ಬಜೆಟ್‌ಗಳ ಪಾಲೂ ಅದರಲ್ಲಿತ್ತು, ಇಲ್ಲ ಅನ್ನಲ್ಲ. ಆದರೆ ಡೊಂಬಿವಲಿಯ ಬೈಪಾಸಿಗೆ ಕೊಡುವುದು ರೂಪಾಯಿಯಲ್ಲಿ.

ನಿಮ್ಮ ತಮ್ಮ ಹೇಳುವುದೆಲ್ಲ ಸರಿ ಅಂತಲೂ ಅಲ್ಲ. ಈ ಯೋಜನೆಗಳು ಮುಖ್ಯವಾಗಿ ಆಸ್ಪತ್ರೆಯಲ್ಲಿ ಮಲಗಿದರೆ ಮಾತ್ರ. ತಿಂಗಳು ತಿಂಗಳು ಕೊಳ್ಳುವ ಬಿಪಿ, ಶುಗರ್ ಮಾತ್ರೆ ಜೇಬಿನಿಂದಲೇ. ಸರ್ಕಾರದ ಲೆಕ್ಕ ತಪಾಸಣೆ ಮಾಡುವ ಸಿಎಜಿ, 2023ರ ವರದಿಯಲ್ಲಿ ಆಯುಷ್ಮಾನ್ ಯೋಜನೆಯ ಸುಮಾರು ಏಳೂವರೆ ಲಕ್ಷ ಫಲಾನುಭವಿಗಳ ಹೆಸರು ಒಂದೇ ಮೊಬೈಲ್ ನಂಬರಿಗೆ ಜೋಡಿಸಿದ್ದನ್ನು ಎತ್ತಿ ತೋರಿಸಿತು. ಆಡಿಟರ್ ಆಗಿ ನೀವು ಸಿಟ್ಟು ತೋರಿಸಬೇಕಾದ ಜಾಗ ಇದು. ಇಲ್ಲಿ ತೋರಿಸಿ. ದೇಶದಲ್ಲಿ ಆರೋಗ್ಯಕ್ಕೆ ಆಗುವ ಖರ್ಚಿನಲ್ಲಿ ಜನ ಜೇಬಿನಿಂದ ಕೊಡುವ ಪಾಲು 2013-14ರಲ್ಲಿ ಶೇಕಡಾ 64 ಇತ್ತು, 2021-22ಕ್ಕೆ 39ಕ್ಕೆ ಇಳಿಯಿತು ಅನ್ನುತ್ತದೆ ಸರ್ಕಾರದ ಲೆಕ್ಕ. ಇಳಿದದ್ದು ಒಳ್ಳೆಯದೇ. ಆದರೂ ಆ 39 ಅಂದರೆ ಎಷ್ಟೋ ಅವಲಕ್ಕಿ ಸರ.

ಹಾಗಾಗಿ ಅವನನ್ನು ಒಪ್ಪಿಸುವುದು ಹೇಗೆ ಅನ್ನುವ ನಿಮ್ಮ ಪ್ರಶ್ನೆಯೇ ನನಗೆ ಸರಿ ಕಾಣಲಿಲ್ಲ. ಅವನು ಒಪ್ಪಿದರೆ ನಿಮಗೇನು ಸಿಗುತ್ತದೆ? ನನ್ನ ಭಾವ ಒಪ್ಪಿದರು. ನಾನು ಹೇಳಿದ್ದನ್ನು ಅಕ್ಷರಕ್ಕೆ ಅಕ್ಷರ ಒಪ್ಪಿ, ಅದರಂತೆ ನಡೆದರು.

ಮಹಾರಾಷ್ಟ್ರದಲ್ಲಿ ಈಗ ಕಾರ್ಡಿನ ಬಣ್ಣ ನೋಡುವುದಿಲ್ಲ. ಎಲ್ಲ ಕುಟುಂಬಗಳಿಗೂ 5 ಲಕ್ಷದವರೆಗೆ ಅಂತ 2023ರಲ್ಲಿ ತೀರ್ಮಾನವಾಗಿ 2024ರಲ್ಲಿ ಜಾರಿಗೆ ಬಂತು. ಬಿಳಿ ಕಾರ್ಡಿನ ನಾನೂ ಈಗ ಅದರೊಳಗೆ ಇದ್ದೇನೆ, ನೀವೂ ಇದ್ದೀರಿ. 70 ದಾಟಿದವರಿಗೆ 2024ರ ಅಕ್ಟೋಬರ್‌ನಿಂದ ಆದಾಯ ನೋಡದೆ ಆಯುಷ್ಮಾನ್ ಕಾರ್ಡ್ ಕೊಡುತ್ತಾರೆ. ಅಮ್ಮನಿಗೆ ನಾನೇ ಮಾಡಿಸಿದೆ. ಅಕ್ಕನ ಮನೆಯವರ ಇ-ಕೆವೈಸಿಯನ್ನೂ, ಅಂದರೆ ಆಧಾರ್ ಮೂಲಕ ಗುರುತಿನ ಪರಿಶೀಲನೆಯನ್ನೂ, ಪಕ್ಕದಲ್ಲಿ ಕೂತು ಮುಗಿಸಿದೆ. ಭಾವನ ಹೆಬ್ಬೆರಳು ಯಂತ್ರಕ್ಕೆ ಸಿಗಲಿಲ್ಲ, ಕಾವಲಿಯ ಬಿಸಿಗೆ ಗೆರೆಗಳು ಸವೆದಿವೆ. ಮೊಬೈಲಿಗೆ ಒಟಿಪಿ ತರಿಸಿ ಮಾಡಿಸಿದೆವು. ತಮ್ಮನ ರೇಷನ್ ಕಾರ್ಡಿನಲ್ಲಿ ಎಲ್ಲರ ಹೆಸರು, ಆಧಾರ್‌ನಲ್ಲಿ ಇರುವ ಹಾಗೆಯೇ ಇದೆಯಾ ನೋಡಿ. ಮೊಬೈಲ್ ನಂಬರ್ ಜೋಡಿಸಿದೆಯಾ ನೋಡಿ. ಆಸ್ಪತ್ರೆ ಸೇರುವ ಮೊದಲೇ ಅದು ಪಟ್ಟಿಯಲ್ಲಿದೆಯಾ, ಬೇಕಾದ ಚಿಕಿತ್ಸೆಗೂ ಒಪ್ಪಂದ ಇದೆಯಾ ಅಂತ ಆರೋಗ್ಯ ಮಿತ್ರನ ಹತ್ತಿರ ಕೇಳಿ. 14555ಕ್ಕೆ ಫೋನ್ ಮಾಡಿದರೂ ಹೇಳುತ್ತಾರೆ. ದುಡ್ಡು ಕಟ್ಟಿದ ಮೇಲೆ ಕಾರ್ಡ್ ತೋರಿಸಿ ಪ್ರಯೋಜನ ಇಲ್ಲ.

ಆದರೆ ಇದೆಲ್ಲ ನಾಳೆ ಬೆಳಗ್ಗೆಯ ಕೆಲಸ. ಇವತ್ತು ರಾತ್ರಿ ತಮ್ಮನಿಗೆ ಫೋನ್ ಮಾಡಿ. ಬಜೆಟ್ಟಿನ ಮಾತು ಬೇಡ. ಎರಡು ತಿಂಗಳಿಂದ ಯಾಕೆ ಇದೇ ಮಾತು, ಮನೆಯಲ್ಲಿ ಯಾರಿಗೆ ಹುಷಾರಿಲ್ಲ ಅಂತ ಕೇಳಿ. ಏನಿಲ್ಲ ಅಣ್ಣ ಅಂದರೆ ಇನ್ನೊಂದು ಸಲ ಕೇಳಿ.