ವೇಗೋತ್ಕರ್ಷದ ಗ್ರಾಫಿನಲ್ಲಿ ವೇಗ ಎಲ್ಲಿದೆ?

ಪ್ರಶ್ನೆ: ಒಂದು ಕಣದ ವೇಗೋತ್ಕರ್ಷ–ಕಾಲ ಗ್ರಾಫು 6 ಮೀ/ಸೆ²ನಿಂದ ಹೊರಟು, ಸರಳರೇಖೆಯಲ್ಲಿ ಇಳಿಯುತ್ತಾ 4ನೇ ಸೆಕೆಂಡಿಗೆ ಸೊನ್ನೆಯಾಗಿ, 6ನೇ ಸೆಕೆಂಡಿಗೆ −3 ಮೀ/ಸೆ² ತಲುಪುತ್ತದೆ. ಆರಂಭಿಕ ವೇಗ 2 ಮೀ/ಸೆ. ಕೊನೆಯ ವೇಗ ತಿಳಿಯಲು −3ನ್ನು 6ರಿಂದ ಗುಣಿಸಿ 2 ಕೂಡಿಸಿದೆ, −16 ಬಂತು. ಪುಸ್ತಕದಲ್ಲಿ 11 ಎಂದಿದೆ. ನಾನು ತಪ್ಪಿದ್ದೆಲ್ಲಿ?
– ಪ್ರಥಮ ಪಿಯುಸಿ ವಿದ್ಯಾರ್ಥಿನಿ

ಉತ್ತರ: ನಿಮ್ಮ ಲೆಕ್ಕದಲ್ಲಿ ತಪ್ಪಿಲ್ಲ, ಸೂತ್ರದ ಆಯ್ಕೆಯಲ್ಲಿ ತಪ್ಪಿದೆ. ವೇಗೋತ್ಕರ್ಷವನ್ನು ಕಾಲದಿಂದ ಗುಣಿಸಿ ಆರಂಭಿಕ ವೇಗಕ್ಕೆ ಕೂಡಿಸುವ ಸೂತ್ರವು, ವೇಗೋತ್ಕರ್ಷ ಮೊದಲಿನಿಂದ ಕೊನೆಯವರೆಗೆ ಒಂದೇ ಸಮನಾಗಿದ್ದಾಗ ಮಾತ್ರ ಸಲ್ಲುತ್ತದೆ. ನೀವು ಕೊನೆಯ ಒಂದು ಕ್ಷಣಕ್ಕೆ ಸೇರಿದ −3 ಎಂಬ ಬೆಲೆಯನ್ನು ಆರೂ ಸೆಕೆಂಡುಗಳ ಮೇಲೆ ಹೊರಿಸಿದ್ದೀರಿ.

ಗ್ರಾಫನ್ನು 0.1 ಸೆಕೆಂಡು ಅಗಲದ ಪಟ್ಟಿಗಳಾಗಿ ಸೀಳಿದಂತೆ ಭಾವಿಸಿ. ಮೊದಲ ಪಟ್ಟಿಯ ಎತ್ತರ ಸುಮಾರು 6 ಇರುವುದರಿಂದ ಅಷ್ಟು ಹೊತ್ತಿನಲ್ಲಿ ವೇಗ ಸುಮಾರು 0.6 ಮೀ/ಸೆ ಹೆಚ್ಚುತ್ತದೆ. 2ನೇ ಸೆಕೆಂಡಿನ ಬಳಿ ಎತ್ತರ 3ಕ್ಕೆ ಇಳಿದಿರುವುದರಿಂದ ಅಲ್ಲಿನ ಪಟ್ಟಿ 0.3ರಷ್ಟನ್ನೇ ಕೂಡಿಸುತ್ತದೆ, 4ನೇ ಸೆಕೆಂಡಿನ ನಂತರದ ಪಟ್ಟಿಗಳು ಅಕ್ಷದ ಕೆಳಗಿರುವುದರಿಂದ ವೇಗವನ್ನು ಕಳೆಯುತ್ತವೆ. ಪಟ್ಟಿಗಳೆಲ್ಲವನ್ನೂ ಚಿಹ್ನೆಸಹಿತ ಕೂಡಿಸಿದಾಗ ಸಿಗುವುದು ರೇಖೆಗೂ ಕಾಲದ ಅಕ್ಷಕ್ಕೂ ನಡುವಿನ ವಿಸ್ತೀರ್ಣ, ಅದೇ ವೇಗದಲ್ಲಾದ ಬದಲಾವಣೆ. ಅನುಕಲನ ಎಂಬ ದೊಡ್ಡ ಹೆಸರಿನ ಹಿಂದಿರುವುದು ಇಷ್ಟೇ.

ನಿಮ್ಮ ಗ್ರಾಫಿನಲ್ಲಿ ಅಕ್ಷದ ಮೇಲಿನ ತ್ರಿಭುಜದ ಪಾದ 4, ಎತ್ತರ 6, ಆದ್ದರಿಂದ ವಿಸ್ತೀರ್ಣ 12. ಕೆಳಗಿನದರ ಪಾದ 2, ಎತ್ತರ 3, ವಿಸ್ತೀರ್ಣ −3. ಒಟ್ಟು ಬದಲಾವಣೆ 9 ಮೀ/ಸೆ. ಗ್ರಾಫು ಹೇಳುವುದು ಬದಲಾವಣೆಯನ್ನು ಮಾತ್ರ. ಕಣ ಯಾವ ವೇಗದಿಂದ ಹೊರಟಿತೆಂಬುದು ಅದರಲ್ಲಿ ಎಲ್ಲಿಯೂ ಇಲ್ಲ. ಹಾಗಾಗಿ ಪ್ರಶ್ನೆಯಲ್ಲಿ ಕೊಟ್ಟ 2ನ್ನು ಸೇರಿಸಬೇಕು, ಆಗ 11 ಬರುತ್ತದೆ. ಅವಸರದಲ್ಲಿ 9 ಎಂದು ಬರೆದು ಅಂಕ ಕಳೆದುಕೊಳ್ಳುವವರೇ ಹೆಚ್ಚು.

ಇನ್ನೊಂದು ಭ್ರಮೆಯೂ ಇಲ್ಲಿ ಹೊಂಚು ಹಾಕಿರುತ್ತದೆ. ರೇಖೆ ಇಳಿಯುತ್ತಿದೆಯೆಂದ ಮಾತ್ರಕ್ಕೆ ಕಣ ನಿಧಾನವಾಗುತ್ತಿದೆ ಎಂದಲ್ಲ. ರೇಖೆ ಅಕ್ಷದ ಮೇಲಿರುವವರೆಗೂ ವೇಗ ಏರುತ್ತಲೇ ಇರುತ್ತದೆ, ಏರುವ ರಭಸವಷ್ಟೇ ತಗ್ಗುತ್ತದೆ. ವೇಗೋತ್ಕರ್ಷ ಸೊನ್ನೆಯಾಗುವ 4ನೇ ಸೆಕೆಂಡಿನಲ್ಲಿ ಕಣ ನಿಂತಿರುವುದಿಲ್ಲ. ಆಗಲೇ ಅದರ ವೇಗ ಗರಿಷ್ಠ, ಅಂದರೆ 14 ಮೀ/ಸೆ.

ಸರಳರೇಖೆಯಾದ್ದರಿಂದ ತಾಳೆ ನೋಡಲು ಸುಲಭದ ದಾರಿಯಿದೆ: 6 ಮತ್ತು −3ರ ಸರಾಸರಿ 1.5, ಅದನ್ನು 6 ಸೆಕೆಂಡಿನಿಂದ ಗುಣಿಸಿದರೆ ಅದೇ 9. ರೇಖೆ ಬಾಗಿದ್ದರೆ ಈ ಉಪಾಯ ನಡೆಯದು, ಗ್ರಾಫ್ ಹಾಳೆಯ ಚೌಕಗಳನ್ನೇ ಎಣಿಸಬೇಕು. ಆಗ ಅಳತೆಯ ಪ್ರಮಾಣವನ್ನು ಮರೆಯಬೇಡಿ: ಅಡ್ಡಕ್ಕೆ 1 ಸೆಂಮೀ ಎಂದರೆ 1 ಸೆಕೆಂಡು, ಉದ್ದಕ್ಕೆ 1 ಸೆಂಮೀ ಎಂದರೆ 2 ಮೀ/ಸೆ² ಎಂದಿಟ್ಟುಕೊಂಡಿದ್ದರೆ, ಒಂದು ಚದರ ಸೆಂಟಿಮೀಟರಿನ ಬೆಲೆ 2 ಮೀ/ಸೆ, ಒಂದು ಮಿಲಿಮೀಟರಿನ ಪುಟ್ಟ ಚೌಕದ ಬೆಲೆ 0.02 ಮೀ/ಸೆ.