ಮನೆದೇವರು ಯಾವುದು?

ನನ್ನ ಬಳಿ ಆಪ್ತಸಮಾಲೋಚನೆಗೆ ಬಂದವರು 27ರ ಯುವತಿ. ಸುಮಾ ಎಂದಿಟ್ಟುಕೊಳ್ಳೋಣ, ಗುರುತು ಸಿಗುವ ವಿವರಗಳನ್ನು ಬದಲಿಸಿದ್ದೇನೆ. ಊರು ಕಲಬುರಗಿ ಕಡೆ, ಕೆಲಸ ಮೈಸೂರಿನ ಒಂದು ಬ್ಯಾಂಕಿನಲ್ಲಿ. ನಿದ್ದೆಯಿಲ್ಲ, ಯಾರ ಜತೆಗೂ ಮಾತು ಬೇಡವಾಗಿದೆ ಅಂದರು. ಅವರ ಜಾತಿಯನ್ನು ಬರೆಯುವುದಿಲ್ಲ. ಓದುತ್ತ ನಿಮ್ಮ ಮನಸ್ಸು ಅದನ್ನು ಹುಡುಕತೊಡಗಿದರೆ, ನಾನು ಹೇಳಹೊರಟಿರುವುದು ಆ ಹುಡುಕಾಟದ ವಿಷಯವನ್ನೇ.

ಎರಡು ತಿಂಗಳಲ್ಲಿ ಏಳು ಬಾಡಿಗೆ ಮನೆ ನೋಡಿದ್ದರು. ಏಳನೆಯದರಲ್ಲಿ ಮನೆಯೊಡತಿ ಅಡುಗೆಮನೆ, ಸಂಪು, ಬಟ್ಟೆ ಒಣಹಾಕುವ ಜಾಗ ಎಲ್ಲ ತೋರಿಸಿ, ಬೀಗದ ಕೈ ಹಿಡಿದುಕೊಂಡೇ ಕೇಳಿದರಂತೆ: “ನಿಮ್ದು ಆ ಕಡೆ ಭಾಷೆ ಅಲ್ವಾ? ಮನೆದೇವ್ರು ಯಾವ್ದಮ್ಮ?” ಸುಮಾ ಹೇಳಿದರು. ಬೀಗದ ಕೈ ಮತ್ತೆ ಮೊಳೆಗೆ ಹೋಯಿತು. “ನಮ್ಮ ತಂಗಿ ಮಗ ಬರ್ತೀನಿ ಅಂದಿದ್ದಾನೆ, ನೋಡಿ ಹೇಳ್ತೀನಿ.”

ಅಂದಿನಿಂದ ಸುಮಾ ತಮ್ಮನ್ನು ತಾವೇ ಮುಚ್ಚಿಡತೊಡಗಿದರು. ‘ಹ್ಯಾಂಗ’ ಹೋಗಿ ‘ಹೇಗೆ’ ಬಂತು. ಊರಿಂದ ತಂದ ಖಡಕ್ ರೊಟ್ಟಿ ಮುರಿದರೆ ಸದ್ದಾಗುತ್ತದೆಂದು, ಊಟದ ಕೋಣೆ ಖಾಲಿಯಾಗುವವರೆಗೆ ಡಬ್ಬಿ ತೆಗೆಯುತ್ತಿರಲಿಲ್ಲ. ಒಂದು ಸಂಜೆ ಫೋನಿನಲ್ಲಿ ತಾಯಿ, “ಯಾಕವ್ವಾ, ಮಂದಿ ಹಂಗ ಮಾತಾಡ್ಲತ್ತಿದಿ?” ಅಂದರಂತೆ. ಇದನ್ನು ಹೇಳುವಾಗ ಅವರು ಬಹಳ ಹೊತ್ತು ಅತ್ತರು.

ಮೂರನೆಯ ಭೇಟಿಯಲ್ಲಿ ಇನ್ನೊಂದು ವಿಷಯ ಹೊರಬಂತು. ಚಾಮರಾಜನಗರದ ಹುಡುಗನೊಬ್ಬ ಶಾಖೆಗೆ ಹೊಸದಾಗಿ ಬಂದಿದ್ದ. ಅವನು “ಬತ್ತೀನಿ” ಅಂದಾಗ ಎಲ್ಲರೂ ನಕ್ಕರು, ಸುಮಾ ಕೂಡ. ಆಮೇಲೆ ಅವನ ಮನೆದೇವರನ್ನು ಕೇಳಿದ್ದೂ ಇವರೇ. “ಮಾದಪ್ಪ” ಅಂದ. ಮಲೆ ಮಹದೇಶ್ವರನ ಒಕ್ಕಲು ಹಲವು ಜಾತಿಗಳಲ್ಲಿದ್ದಾರೆ, ಆ ಉತ್ತರದಿಂದ ಏನೂ ತಿಳಿಯಲಿಲ್ಲ. ಅಡ್ಡಹೆಸರು ಕೇಳಿದರು. ಆ ಸೀಮೆಯಲ್ಲಿ ಬಹಳ ಜನಕ್ಕೆ ಅಡ್ಡಹೆಸರೇ ಇಲ್ಲ, ಇನಿಷಿಯಲ್ ಅಷ್ಟೆ. “ನಾನೂ ಆಕಿ ಹಂಗ ಆದೆ ಅಲ್ರೀ ಮೇಡಂ” ಅಂದರು ಸುಮಾ.

ನಾನು ತಡೆದೆ. ನಿಮ್ಮ ಕೈಯಲ್ಲಿ ಅವನ ಬೀಗದ ಕೈ ಇರಲಿಲ್ಲ, ಎರಡನ್ನೂ ಒಂದೇ ತಕ್ಕಡಿಗೆ ಹಾಕಬೇಡಿ ಅಂದೆ. ನಾನೂ ಮೊದಲ ದಿನ ಅವರ ಮಾತು ಕೇಳಿದೊಡನೆ “ಯಾವ ಕಡೆಯವರು?” ಎಂದು ಕೇಳಿದ್ದೆ. ಅದನ್ನು ನೆನಪಿಸಿ ಕ್ಷಮೆ ಕೇಳಿದೆ.

ಅಪರಿಚಿತರನ್ನು ನಮ್ಮವರು, ಹೊರಗಿನವರು ಎಂದು ವಿಂಗಡಿಸಲು ನಮಗೆ ಎಷ್ಟು ಕಡಿಮೆ ಸಾಕು ಎಂಬುದಕ್ಕೆ ಅವರಿಗೊಂದು ಪ್ರಯೋಗ ಹೇಳಿದೆ. ಹೆನ್ರಿ ತಾಜ್‌ಫೆಲ್ ಎಂಬ ಮನೋವಿಜ್ಞಾನಿ ಅದನ್ನು 1970ರಲ್ಲಿ ಪ್ರಕಟಿಸಿದರು. ಇಂಗ್ಲೆಂಡಿನ ಬ್ರಿಸ್ಟಲ್‌ನಲ್ಲಿ 14-15ರ ಶಾಲಾ ಹುಡುಗರಿಗೆ ಕ್ಲೀ, ಕ್ಯಾಂಡಿನ್‌ಸ್ಕಿ ಎಂಬ ಇಬ್ಬರು ಕಲಾವಿದರ ಚಿತ್ರ ತೋರಿಸಿ, ನೀನು ಈ ಗುಂಪು, ನೀನು ಆ ಗುಂಪು ಎಂದರು. ಗುಂಪಿನಲ್ಲಿ ಬೇರೆ ಯಾರಿದ್ದಾರೆಂದೂ ಹುಡುಗರಿಗೆ ಗೊತ್ತಿಲ್ಲ. ಹಣ ಹಂಚಲು ಹೇಳಿದಾಗ, ತಮಗೆ ಒಂದು ಕಾಸೂ ಸಿಗದಿದ್ದರೂ, ತಮ್ಮ ಗುಂಪಿನವರ ಕಡೆಗೇ ವಾಲಿದರು. ತಮ್ಮ ಗುಂಪಿನವರಿಗೆ ಸಿಗುವುದು ಕಡಿಮೆಯಾದರೂ ಸರಿ, ಇನ್ನೊಂದು ಗುಂಪಿಗಿಂತ ಹೆಚ್ಚಿರಲಿ ಎಂಬ ಲೆಕ್ಕವೂ ಅದರಲ್ಲಿ ಕಂಡಿತು. ಬರೀ ಚಿತ್ರಗಳಿಗೇ ಇಷ್ಟಾದರೆ ಭಾಷೆ, ದೇವರು, ತಟ್ಟೆಯಲ್ಲಿರುವುದು ಎಷ್ಟು ಮಾಡಿಯಾವು! ಹಾಗೆಂದು ಮನೆಯೊಡತಿಯದು ಸರಿ ಎಂದಾಗುವುದಿಲ್ಲ. ಮನಸ್ಸು ಕ್ಷಣದಲ್ಲಿ ವಿಂಗಡಿಸಬಹುದು. ಬೀಗದ ಕೈಯನ್ನು ಮೊಳೆಗೆ ಹಾಕಿದ್ದು ಅವರು ಯೋಚಿಸಿ ಮಾಡಿದ ಕೆಲಸ. ಅದು ಜಾತಿಭೇದ, ಅದನ್ನು ಆ ಹೆಸರಿನಿಂದಲೇ ಕರೆಯಿರಿ ಅಂದೆ. ಅದು ಅವರ ತಪ್ಪು, ನಿಮ್ಮಲ್ಲಿರುವ ಕೊರತೆಯಲ್ಲ.

ಕೊಟ್ಟ ಸಲಹೆ ಸಣ್ಣದು. ಬಾಡಿಗೆಗೆ ಬೇಕಾದದ್ದು ಸಂಬಳ, ಅಡ್ವಾನ್ಸ್, ಎಷ್ಟು ಜನ ಇರುತ್ತೀರಿ ಎಂಬುದು. ಅಷ್ಟನ್ನು ಹೇಳಿ, ಮಿಕ್ಕಿದ್ದಕ್ಕೆ “ಅದ್ಯಾಕ್ರೀ ಬೇಕು?” ಎಂದು ಕೇಳಬಹುದು. ಕೇಳುವ ಶಕ್ತಿ ಇಲ್ಲದ ದಿನ ಸುಮ್ಮನೆ ಎದ್ದು ಬರಬಹುದು, ಅದು ಸೋಲಲ್ಲ. ಗ್ರಾಹಕರಿಗೆ ಸುಲಭವಾಗಲೆಂದು ಮಾತು ಬದಲಿಸುವುದಕ್ಕೂ ನಾಚಿಕೆಯಿಂದ ಬದಲಿಸುವುದಕ್ಕೂ ವ್ಯತ್ಯಾಸ ಉಂಟು. ಅದು ಗೊತ್ತಾಗಲು, ದಿನಕ್ಕೊಮ್ಮೆ ಸಹೋದ್ಯೋಗಿಗಳ ಮುಂದೆಯೇ ತಾಯಿಗೆ ಫೋನ್ ಮಾಡಿ, ಮನೆಯ ಮಾತಿನಲ್ಲಿ. ಆ ಹುಡುಗನ ಹತ್ತಿರ ನಕ್ಕಿದ್ದಕ್ಕೆ ಕ್ಷಮೆ ಕೇಳಿ.

ಮೊದಲ ವಾರ ಫೋನ್ ಮಾಡಲಾಗಲಿಲ್ಲ. ಎರಡನೆಯ ವಾರ ಮಾಡಿದರು. ಐದನೆಯ ಭೇಟಿಯ ಹೊತ್ತಿಗೆ ನಿದ್ದೆ ಸುಧಾರಿಸಿತ್ತು, ಮನೆ ಇನ್ನೂ ಸಿಕ್ಕಿರಲಿಲ್ಲ. ಆದರೆ ಡಬ್ಬಿ ಈಗ ಎಲ್ಲರ ಜತೆಗೇ ತೆರೆಯುತ್ತಾರೆ. ರೊಟ್ಟಿ ಮುರಿದ ಸದ್ದಿಗೆ ಹುಡುಗ ತಿರುಗಿ ನೋಡಿ, ಶೇಂಗಾ ಹಿಂಡಿ ಕಡೆ ಕೈಚಾಚಿ, “ಇದು ಏನ್ ಮೇಡಂ?” ಅಂದನಂತೆ.